ಕ್ವಾನ್ ಮಾಸ್ಟ್ರ ವರಸೆ, ಡೆನಿಸನ ಬೆಲ್ಟು

ನಾನು ಜೀವನದಲ್ಲಿ ಯಾರ ಮೇಲೂ ಕೈ ಎತ್ತಿದವಳಲ್ಲ. ಆದರೆ ಇಪ್ಪತ್ತೆರಡು ವರ್ಷ ಹೊಡೆದಾಟ ಕಲಿಸುವ ಕೆಲಸದಲ್ಲಿದ್ದೆ. ಮೊದಲು ಸಿಡ್ನಿಯಲ್ಲಿ, ಆಮೇಲೆ ಮೆಲ್ಬರ್ನ್‌ನಲ್ಲಿ, ಚೀನೀ ಕುಂಗ್ ಫೂ ಶಾಲೆಗಳಲ್ಲಿ. ಈಗ ಮೊಣಕಾಲು ಹಟ ಹಿಡಿದಿರುವುದರಿಂದ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಆಂಟಿ, ಇದ್ರಲ್ಲಿ ಫ್ಯೂಚರ್ ಇದ್ಯಾ? ಎಲ್ಲಾ ಬಿಸಿನೆಸ್ ಆಗ್ಬಿಟ್ಟಿದೆ ಅಂತಾರಲ್ಲ?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿ ಅಲ್ಲ ಅದು. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಹೆಡ್ ಆದೆ ಎನ್ನುವುದರಿಂದ ನಿಮಗೆ ಉಪಯೋಗವಿಲ್ಲ. ಎಡವಿದ್ದನ್ನು ಬರೆಯುತ್ತೇನೆ, ಅದರಿಂದ ಸ್ವಲ್ಪವಾದರೂ ಆದೀತು.

ಮಂಗಳೂರಿನ ಒಂದು ಹುಡುಗಿಯರ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಟೀಚರ್ ಆಗಿದ್ದೆ. ಎಂಬತ್ತೆಂಟರಲ್ಲಿ ಗಂಡ ವಾಲ್ಟರ್‌ಗೆ ಸಿಡ್ನಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಜೊತೆಗೆ ನಾನೂ ಬಂದೆ. ನನ್ನ ಸರ್ಟಿಫಿಕೇಟನ್ನು ಇಲ್ಲಿ ಯಾರೂ ಕಣ್ಣೆತ್ತಿಯೂ ನೋಡಲಿಲ್ಲ. ಆರು ತಿಂಗಳು ಅಡುಗೆ ಮಾಡಿಕೊಂಡು ಕೂತೆ. ಒಂದು ದಿನ ಚೀನೀಯರ ಪೇಟೆಯಾದ ಹೇಮಾರ್ಕೆಟ್ಟಿನಲ್ಲಿ ಅಕ್ಕಿ ಕೊಳ್ಳಲು ಹೋದಾಗ ಚೀನೀ ಕಿರಾಣಿ ಅಂಗಡಿಯ ಗಾಜಿನ ಮೇಲೆ ಒಂದು ಚೀಟಿ ಕಂಡಿತು. ಮಹಡಿಯ ಮೇಲಿನ ಕುಂಗ್ ಫೂ ಶಾಲೆಗೆ ಫೋನ್ ಎತ್ತಲು, ಹೆಸರು ಬರೆದುಕೊಳ್ಳಲು ಇಂಗ್ಲಿಷ್ ಬರುವ ಹೆಂಗಸು ಬೇಕಾಗಿದ್ದಳು.

ಮೆಟ್ಟಿಲು ಹತ್ತುವಾಗ ಒಣಮೀನಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರೋ ಏನೋ. ನನಗೆ ನಮ್ಮೂರ ಬಂದರಿನ ಪೇಟೆಗೆ ಹೋದ ಹಾಗಾಯಿತು, ಧೈರ್ಯ ಬಂತು.

ಶಾಲೆ ನಡೆಸುತ್ತಿದ್ದವರು ಕ್ವಾನ್ ಮಾಸ್ಟ್ರು. ಅರವತ್ತರ ಹತ್ತಿರದ ವಯಸ್ಸು, ಕುಳ್ಳು, ತಲೆ ನುಣ್ಣಗೆ. ಬೆಳಿಗ್ಗೆ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ತರಕಾರಿ ಕತ್ತರಿಸುತ್ತಿದ್ದರು, ಸಂಜೆ ಕಲಿಸುತ್ತಿದ್ದರು. ಅವರ ಇಂಗ್ಲಿಷ್ ನಾಲ್ಕು ಶಬ್ದಕ್ಕೆ ಮುಗಿಯುತ್ತಿತ್ತು. ಫಾರ್ಮಸಿ ಓದುತ್ತಿದ್ದ ಮಗಳು ಗ್ರೇಸ್ ಪಕ್ಕದಲ್ಲಿ ನಿಂತು ಅನುವಾದಿಸಿದಳು. ಇಂಟರ್‌ವ್ಯೂ ಅಂದರೆ ಇಷ್ಟೇ: ಅವರು ನನ್ನ ಪಾದಗಳನ್ನು ನೋಡಿದರು, ನಿಲ್ಲು ಎಂದರು, ಭುಜವನ್ನು ಒಂದು ಬೆರಳಿನಿಂದ ತಳ್ಳಿದರು. ನಾನು ಅಲುಗಲಿಲ್ಲ.

"ಯಾರು ಕಲಿಸಿದ್ದು?"

"ನಾನೇ ಟೀಚರ್," ಎಂದೆ.

ಅವರು ನಕ್ಕರು. ಲವೀನಾ ಎನ್ನುವ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ಆ ದಿನದಿಂದ ನಾನು 'ಲೀ' ಆದೆ.

ಕ್ವಾನ್ ಮಾಸ್ಟ್ರ ಪದ್ಧತಿ ಸರಳ. ಹೊಸಬರು ಮೊದಲ ಮೂರು ತಿಂಗಳು ಬರೀ ನಿಲ್ಲಬೇಕು. ಕಾಲಗಲಿಸಿ, ಮಂಡಿ ಬಗ್ಗಿಸಿ, ಕುದುರೆ ಏರಿದವರ ಹಾಗೆ. ಸಿನಿಮಾ ನೋಡಿ ಹಾರಿ ಒದೆಯುವ ಆಸೆಯಿಂದ ಬಂದ ಹುಡುಗರು ಮೂರನೆಯ ವಾರಕ್ಕೆ ಮಾಯವಾಗುತ್ತಿದ್ದರು. ಅವರ ಹೆಸರಿಗೆ ಗೆರೆ ಎಳೆಯುವುದು ನನ್ನ ಕೆಲಸ. ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ, ಬಿಟ್ಟು ಹೋಗಲು ಬಂದ ಒಬ್ಬ ತರುಣನಿಗೆ ನಾನೇ ಒಂದು ಸುಳ್ಳು ಹೇಳಿದೆ: "ಮುಂದಿನ ತಿಂಗಳು ಒದೆಯುವುದು ಶುರು ಮಾಡುತ್ತಾರೆ, ಸ್ವಲ್ಪ ತಡಿ." ಅವನು ಉಳಿದ. ಮುಂದಿನ ತಿಂಗಳು ಸೀದಾ ಹೋಗಿ ಮಾಸ್ಟ್ರನ್ನು ಕೇಳಿದ.

ಮಾಸ್ಟ್ರು ನನ್ನ ಮೇಜಿನ ಮುಂದೆ ಬಂದು ನಿಂತರು. ನಾನು ಒಪ್ಪಿಕೊಂಡೆ. ಕೆಲಸ ಹೋಯಿತು ಅಂದುಕೊಂಡೆ.

"ಲೀ ಸಾಮಾನು ಮಾರುತ್ತಾಳೆ. ಅಂಗಡಿಯಲ್ಲಿ ಏನಿದೆ ಅಂತ ಅವಳಿಗೇ ಗೊತ್ತಿಲ್ಲ," ಎಂದು ಗ್ರೇಸ್ ಮೂಲಕ ಹೇಳಿಸಿದರು. "ನಾಳೆಯಿಂದ ಆ ಸಾಲಿನಲ್ಲಿ ನಿಲ್ಲಲಿ."

ಹೀಗೆ ಮೂವತ್ತಮೂರನೆಯ ವಯಸ್ಸಿನಲ್ಲಿ, ಮಾಡಿದ ತಪ್ಪಿಗೆ ಶಿಕ್ಷೆಯಾಗಿ, ನಾನು ವಿದ್ಯಾರ್ಥಿಯಾದೆ.

ಮೊದಲ ವಾರ ಮನೆಯ ಮೆಟ್ಟಿಲು ಇಳಿಯಲಾಗದೆ ಕೂತು ಕೂತು ಇಳಿದೆ. ವಾಲ್ಟರ್ ಬಿಸಿನೀರಿನ ಬ್ಯಾಗ್ ಹಿಡಿದು, "ಫೋನ್ ಎತ್ತುವ ಕೆಲಸಕ್ಕೆ ಹೋಗಿ ಕಾಲು ಮುರಿದುಕೊಂಡವಳು ನೀನೊಬ್ಬಳೇ ಮಾರಾಯ್ತಿ," ಎಂದು ಗೊಣಗಿದ. ಆದರೆ ಮೂರನೆಯ ತಿಂಗಳಿಗೆ ಒಂದು ವಿಷಯ ತಿಳಿಯಿತು. ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿ ಕಣ್ಣು ಮುಚ್ಚಿಕೊಳ್ಳುವ ಒಂದು ಅಭ್ಯಾಸವಿದೆ. ಎದುರಿನವರು ಯಾವ ಕಡೆ ತಳ್ಳುತ್ತಾರೆ ಎಂಬುದನ್ನು ಚರ್ಮ ಓದಬೇಕು. ಕಾಲು ಗಟ್ಟಿ ನಿಂತಿಲ್ಲದಿದ್ದರೆ ಕೈ ಓದುವುದಿಲ್ಲ. ಆ ಮೂರು ತಿಂಗಳ ನಿಲುವು ದಂಡವಲ್ಲ, ಅಕ್ಷರಮಾಲೆ. ಇದನ್ನು ಯಾರೂ ವಿದ್ಯಾರ್ಥಿಗಳಿಗೆ ಹೇಳಿರಲಿಲ್ಲ. ಹೇಳುವುದು ತಮ್ಮ ಕೆಲಸವಲ್ಲ ಎಂದು ಮಾಸ್ಟ್ರು ನಂಬಿದ್ದರು. ಅದು ಅವರ ತಪ್ಪು, ಈಗಲೂ ಹಾಗೇ ಅನ್ನುತ್ತೇನೆ.

ಐದು ವರ್ಷದಲ್ಲಿ ಶಾಲೆ ಸೊರಗಿತು. ಎದುರಿನ ಬೀದಿಯಲ್ಲಿ ಮ್ಯೂಸಿಕ್ ಹಾಕಿ ಗುದ್ದಿಸುವ ಜಿಮ್ ಬಂತು. ಗ್ರೇಸ್ ಅಪ್ಪನನ್ನು ಬೇಡಿಕೊಂಡಳು: "ಕೊನೇಪಕ್ಷ ಬಣ್ಣದ ಬೆಲ್ಟ್ ಆದರೂ ಕೊಡೋಣ." ಮಾಸ್ಟ್ರು ತಮ್ಮ ಸೊಂಟ ಮುಟ್ಟಿ ನೋಡಿಕೊಂಡು, "ಪ್ಯಾಂಟ್ ಬೀಳುತ್ತಾ ಇಲ್ಲವಲ್ಲ," ಎಂದರು.

ತೊಂಬತ್ತಮೂರರಲ್ಲಿ ವಾಲ್ಟರ್‌ಗೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು. ಬೀಳ್ಕೊಡುವಾಗ ಗ್ರೇಸ್ ನನ್ನನ್ನು ಪಕ್ಕಕ್ಕೆ ಕರೆದಳು. ಅವರ ಮನೆತನದ ಒಂದು ಉದ್ದ ವರಸೆ ಇತ್ತು. ಕಾಲು ಗಂಟೆ ಹಿಡಿಯುವ, ಒಂದಕ್ಕೊಂದು ಹೆಣೆದ ಹೊಡೆತ ತಡೆಗಳ ಸರಣಿ. ಮನೆಯವರಿಗಲ್ಲದೆ ಯಾರಿಗೂ ಕಲಿಸಿದ್ದಿಲ್ಲ. "ನನಗೆ ಅರ್ಧ ಬರುತ್ತೆ, ಲೀ. ಉಳಿದರ್ಧ ಕಲಿಯುವಷ್ಟು ಮನಸ್ಸು ನನಗಿಲ್ಲ. ಅದು ಅಪ್ಪನ ಜೊತೆಗೇ ಹೋಗುತ್ತೆ," ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಅವಳ ಕೈ ಒತ್ತಿ ಬಸ್ ಹತ್ತಿದೆ.

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ನನಗೆ ಕುಂಗ್ ಫೂ ಕಲಿಸುವ ಕೆಲಸ ಸಿಕ್ಕಿದ್ದು ಇನ್ನೊಂದು ಲೋಕದಂಥ ಶಾಲೆಯಲ್ಲಿ. ಹಿಂದೆ ಕಾರ್ಪೆಟ್ ಅಂಗಡಿಯಾಗಿದ್ದ ಹಾಲ್. ಮೂರು ಗೋಡೆಗೆ ಕನ್ನಡಿ, ಮೂಲೆಯಲ್ಲಿ ಸ್ಪೀಕರ್. ಎಂಟು ವಾರಕ್ಕೊಮ್ಮೆ ಪರೀಕ್ಷೆ, ಪರೀಕ್ಷೆಗೊಂದು ಬಣ್ಣದ ಬೆಲ್ಟ್, ಬೆಲ್ಟಿನ ಮೇಲೆ ಪಟ್ಟಿ. ಐದು ವರ್ಷದ ಮಕ್ಕಳಿಗೂ ಕ್ಲಾಸು. ಮ್ಯಾನೇಜರ್ ಡೆನಿಸ್, ನಲವತ್ತು ದಾಟಿದ ಎತ್ತರದ ಆಸ್ಟ್ರೇಲಿಯನ್. ಹತ್ತು ವರ್ಷ ಕುಂಗ್ ಫೂ ಕಲಿತಿದ್ದ, ಅದಕ್ಕೂ ಮೊದಲು ಜಿಮ್ ಮೆಂಬರ್‌ಶಿಪ್ ಮಾರುತ್ತಿದ್ದ.

ಮೊದಲ ತಿಂಗಳು ನಾನು ಮೂಗು ಮುರಿದೆ. ಎರಡನೆಯ ತಿಂಗಳು ಗಮನಿಸಲು ಶುರು ಮಾಡಿದೆ. ಡೆನಿಸನಿಗೆ ಪ್ರತಿಯೊಬ್ಬರ ಹೆಸರು ಗೊತ್ತು. ಎರಡು ಕ್ಲಾಸು ತಪ್ಪಿಸಿದವರ ಮನೆಗೆ ತಾನೇ ಫೋನ್ ಮಾಡುತ್ತಿದ್ದ. ಯಾವ ಮಗುವೂ ಒಂದು ಮಾತಾದರೂ ಆಡಿಸಿಕೊಳ್ಳದೆ ಬಾಗಿಲು ದಾಟುವಂತಿರಲಿಲ್ಲ. ಏಕೆ ನಿಲ್ಲಬೇಕು, ಏಕೆ ತಿರುಗಬೇಕು ಎಂದು ವಿವರಿಸುತ್ತಿದ್ದ. ಕ್ವಾನ್ ಮಾಸ್ಟ್ರು ಇದ್ಯಾವುದನ್ನೂ ಮಾಡಿದವರಲ್ಲ. ಅವರ ಹಾಲ್ ಖಾಲಿಯಾಗಿದ್ದಕ್ಕೆ ಎದುರಿನ ಜಿಮ್ ಒಂದೇ ಕಾರಣವಲ್ಲ ಎಂದು ನನಗೆ ಆಗ ಹೊಳೆಯಿತು.

ಆದರೆ ಡೆನಿಸನ ಒಂದು ನಿಯಮ ನನ್ನ ಗಂಟಲಿಗೆ ಸಿಕ್ಕಿಕೊಂಡಿತ್ತು. ಪರೀಕ್ಷೆಯ ದಿನ ಯಾರೂ ಫೇಲಾಗಬಾರದು.

"ಇಡೀ ದಿನ ಆಫೀಸಿನಲ್ಲಿ ಸೋತು ಬಂದಿರುತ್ತಾರೆ, ಲವೀನಾ. ಇಲ್ಲೂ ಸೋಲಿಸಬೇಕಾ?" ಎನ್ನುತ್ತಿದ್ದ. ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ನಾನು ಎಲ್ಲರ ಪಾಸಿನ ಪಟ್ಟಿಗೆ ಸಹಿ ಹಾಕುತ್ತಾ ಹೋದೆ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಕ್ಯಾಥಿ ಎಂಬ ನರ್ಸ್ ನನ್ನ ಕ್ಲಾಸಿನಲ್ಲಿದ್ದಳು. ಐವತ್ತರ ಹೆಂಗಸು, ಒಂದು ಕ್ಲಾಸೂ ತಪ್ಪಿಸಿದವಳಲ್ಲ. ಹಸಿರು ಬೆಲ್ಟಿನ ಪರೀಕ್ಷೆಯ ದಿನ ಅವಳ ಕೈಗಳು ಚಂದವಾಗಿ ಓಡಿದವು. ಹಿಂದಿನ ಕಾಲಿನ ಹಿಮ್ಮಡಿ ಮಾತ್ರ ಪ್ರತಿಸಲ ನೆಲ ಬಿಡುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಸಹಿ ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳ ಮಗಳು ಫೋಟೋ ತೆಗೆದಳು.

ಮೂರು ವಾರದ ಮೇಲೆ ಕ್ಯಾಥಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಸಂಜೆ ಡ್ಯೂಟಿಗೆ ಹೋಗುವಾಗ ಸ್ಟೇಷನ್ನಿನ ಕಾರ್ ಪಾರ್ಕಿನಲ್ಲಿ ಒಬ್ಬ ಅವಳ ಬ್ಯಾಗಿಗೆ ಕೈ ಹಾಕಿದ್ದ. ಮೊದಲಾಗಿದ್ದರೆ ಬಿಟ್ಟುಬಿಡುತ್ತಿದ್ದಳಂತೆ. ಈಗ ಹಸಿರು ಬೆಲ್ಟ್ ಇತ್ತಲ್ಲ, ಬಿಡಲಿಲ್ಲ. ಕೈ ಎತ್ತಿ ನಿಂತಳು. ಅವನು ಒಮ್ಮೆ ತಳ್ಳಿದ. ಬಿದ್ದಳು, ಮಣಿಕಟ್ಟು ಮುರಿಯಿತು.

ಅವಳು ಕೂಗಾಡಲಿಲ್ಲ. ನನ್ನೆದುರು ಕುರ್ಚಿ ಎಳೆದುಕೊಂಡು ಕೂತು ಕೇಳಿದಳು: "ನೀನು ಹೇಳಿಕೊಟ್ಟ ಹಾಗೇ ಮಾಡಿದೆ, ಲವೀನಾ. ಎಲ್ಲಿ ತಪ್ಪಿತು?"

"ನಿನ್ನದೇನೂ ತಪ್ಪಿಲ್ಲ. ಪರೀಕ್ಷೆಯ ದಿನವೇ ನಿನ್ನ ಹಿಮ್ಮಡಿ ಮೇಲಿತ್ತು. ನಾನು ನೋಡಿಯೂ ಹೇಳಲಿಲ್ಲ," ಎಂದೆ.

ಅವಳು ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟಳು. ಆಮೇಲೆ, "ಹಾಗಾದರೆ ಈಗ ಹೇಳು," ಎಂದಳು.

ನಾನು ಡೆನಿಸನ ಬಳಿ ಹೋಗಿ ನಡೆದದ್ದನ್ನು ಹೇಳಿ, ಇನ್ನು ಮೇಲೆ ಹಾಗೆ ಸಹಿ ಹಾಕಲು ನನ್ನಿಂದಾಗದು, ಬೇಕಾದರೆ ಕೆಲಸ ಬಿಡುತ್ತೇನೆ ಎಂದೆ. ಅವನು ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ.

"ಬೈದಳಾ?"

"ಇಲ್ಲ. ಎಲ್ಲಿ ತಪ್ಪಿತು ಅಂತ ಕೇಳಿದಳು."

"ಬೈದಿದ್ದರೆ ಚೆನ್ನಾಗಿತ್ತು," ಎಂದ. ತಲೆಯೆತ್ತಿ, "ಏನು ಮಾಡೋಣ ಹೇಳು," ಎಂದ.

ಬೆಲ್ಟ್ ಇರಲಿ ಎಂದೆ ನಾನು. ಮಕ್ಕಳಿಗೆ ಅದರ ಆಸೆ ಇದೆ, ಅದರಲ್ಲಿ ಪಾಪವೇನಿಲ್ಲ. ಆದರೆ ಪರೀಕ್ಷೆಯಲ್ಲಿ ಎದುರಿನವರು ನಿಜವಾಗಿ ತಳ್ಳಬೇಕು. ನಿಲ್ಲಲಾಗದವರಿಗೆ ಇಂದಲ್ಲ, ನಾಲ್ಕು ವಾರ ಬಿಟ್ಟು ಬಾ ಎನ್ನಬೇಕು. ಯಾವಾಗ ಓಡಬೇಕು ಎನ್ನುವುದನ್ನೂ ಪಾಠವಾಗಿ ಕಲಿಸಬೇಕು. ಡೆನಿಸ್ ಜನ ಬಿಟ್ಟು ಹೋಗುತ್ತಾರೆಂದು ಹೆದರಿದ. ಆದರೂ ಒಪ್ಪಿದ.

ಮುಂದಿನ ಪರೀಕ್ಷೆಯಲ್ಲಿ ಏಳು ಜನರಿಗೆ ಇಂದಲ್ಲ ಎಂದೆವು. ಆ ಏಳರಲ್ಲಿ ನಮ್ಮ ಕನ್ನಡದ ಹುಡುಗಿ ಅನನ್ಯಾಳೂ ಒಬ್ಬಳು. ಹತ್ತು ವರ್ಷದವಳು. ಮರುದಿನ ಅವಳ ತಾಯಿ ವಸುಧಾ ಫೋನ್ ಮಾಡಿದರು. ಬೆಂಗಳೂರಿನವರು, ಗಂಡ ಡಾಕ್ಟರ್.

"ಏನ್ರೀ ಲವೀನಾ, ನನ್ ಮಗಳನ್ನ ಫೇಲ್ ಮಾಡಿದ್ದೀರಂತೆ! ಈ ಮಾರ್ಕ್ಸು ರ‍್ಯಾಂಕು ಗಲಾಟೆ ಬೇಡ ಅಂತಾನೇ ಊರು ಬಿಟ್ಟು ಬಂದ್ವಿ. ಇಲ್ಲೂ ನೀವ್ ಶುರು ಹಚ್ಕೊಂಡ್ರಾ?"

"ಫೇಲ್ ಅಲ್ಲ ಮಾರಾಯ್ರೆ. ನಾಲ್ಕು ವಾರ ಬಿಟ್ಟು ಪುನಃ ಬರ್ಲಿಕ್ಕೆ ಹೇಳಿದ್ದು. ಅವಳ ಹಿಂದಿನ ಕಾಲು ನಿಲ್ಲುದಿಲ್ಲ."

"ಕಾಲ್ ನಿಲ್ಲಲ್ಲ ಅಂದ್ರೆ? ಚೆನ್ನಾಗೇ ಓಡಾಡ್ಕೊಂಡಿದ್ದಾಳಲ್ರೀ!"

ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು: "ಮಮ್, ಟೆಲ್ ಹರ್ ಐಯಾಮ್ ಪ್ರಾಕ್ಟೀಸಿಂಗ್ ಇನ್ ದ ಲಾಂಡ್ರಿ!"

ವಸುಧಾರ ದನಿ ಇಳಿಯಿತು. "ನೋಡಿ, ಬೆಳಗ್ಗಿಂದ ವಾಷಿಂಗ್ ಮಷೀನ್ ಮುಂದೆ ಕಾಲಗಲಿಸ್ಕೊಂಡು ನಿಂತಿದ್ದಾಳೆ. ಪಿಯಾನೋಗೆ ಒಂದಿನಾನೂ ಹಿಂಗ್ ಕೂತವಳಲ್ಲ. ಏನ್ ಮಾಡಿದ್ದೀರೋ ಏನೋ," ಎಂದರು.

ನಾಲ್ಕು ವಾರದ ನಂತರ ಅನನ್ಯಾಳನ್ನು ಡೆನಿಸ್ ತಾನೇ ತಳ್ಳಿದ. ಅವಳು ನಿಂತಳು. ಬೆಲ್ಟ್ ಕಟ್ಟುವಾಗ ಆ ಹುಡುಗಿಯ ಮುಖದಲ್ಲಿದ್ದ ಹಿಗ್ಗನ್ನು ಹಿಂದಿನ ಯಾವ ಪರೀಕ್ಷೆಯ ಚಪ್ಪಾಳೆಯಲ್ಲೂ ನಾನು ಕಂಡಿರಲಿಲ್ಲ. ಏಳು ಜನರಲ್ಲಿ ಇಬ್ಬರು ಬಿಟ್ಟು ಹೋದರು, ಐವರು ಮರಳಿ ಬಂದರು. ಡೆನಿಸ್ ಲೆಕ್ಕ ಹಾಕಿದ್ದು ಇದಕ್ಕೆ ತದ್ವಿರುದ್ಧ.

ಇದಾಗಿ ಒಂದು ವರ್ಷಕ್ಕೆ ಗ್ರೇಸ್ ಫೋನ್ ಮಾಡಿದಳು. ಹೇಮಾರ್ಕೆಟ್ಟಿನ ಕಟ್ಟಡವನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಶಾಲೆ ಮುಚ್ಚಿತ್ತು. ಮಾಸ್ಟ್ರು ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದರು, ಊಟಕ್ಕೂ ಏಳುತ್ತಿರಲಿಲ್ಲ. ನಾನು ಡೆನಿಸನಿಗೆ, ಅವರನ್ನು ಒಂದು ವಾರಾಂತ್ಯ ಕರೆಸೋಣ ಎಂದೆ. ಅವನಿಗೆ ಆಸೆ, ಜೊತೆಗೆ ಭಯ. "ನಮ್ಮನ್ನು ನೋಡಿ ನಗುತ್ತಾರೆ," ಎಂದ. ನನಗೂ ಅದೇ ಭಯವಿತ್ತು.

ಶನಿವಾರ ಬೆಳಿಗ್ಗೆ ಗ್ರೇಸ್ ಜೊತೆ ಮಾಸ್ಟ್ರು ಬಂದರು. ತೆಳ್ಳಗಾಗಿದ್ದರು. ಬಾಗಿಲಲ್ಲೇ ನಿಂತು ಕನ್ನಡಿಗಳನ್ನು ನೋಡಿದರು, ಸ್ಪೀಕರ್ ನೋಡಿದರು, ಗೋಡೆಗೆ ತೂಗುಹಾಕಿದ್ದ ಬಣ್ಣಬಣ್ಣದ ಬೆಲ್ಟುಗಳನ್ನು ನೋಡಿದರು. ನನ್ನ ಮುಖ ಬಿಸಿಯಾಯಿತು. ಒಳಗೆ ಪುಟ್ಟ ಮಕ್ಕಳ ಕ್ಲಾಸು ನಡೆಯುತ್ತಿತ್ತು. ಹುಲಿಯಾಟ ಅಂತ ಡೆನಿಸ್ ಮಾಡಿದ್ದ ಆಟ. ಮಕ್ಕಳು ಬಗ್ಗಿ ನಿಲ್ಲಬೇಕು, ಹುಲಿಯಾದವನು ತಳ್ಳಬೇಕು, ಅಲುಗಿದವರು ಔಟ್. ಕಿರುಚಾಟವೋ ಕಿರುಚಾಟ.

"ಕ್ಷಮಿಸಿ ಮಾಸ್ಟ್ರೇ, ಇಲ್ಲಿ ಎಲ್ಲ ಸ್ವಲ್ಪ ಕಮರ್ಷಿಯಲ್," ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿ ಗ್ರೇಸ್‌ಗೆ ಏನೋ ಉದ್ದವಾಗಿ ಹೇಳಿದರು. ಅವಳು ಬೆರಗಾಗಿ ಅನುವಾದಿಸಿದಳು. ಇದು ಅವಳಿಗೂ ಹೊಸ ವಿಷಯ. "ಅಪ್ಪ ಹೇಳ್ತಾ ಇದ್ದಾರೆ: ಇಪ್ಪತ್ತನೇ ವಯಸ್ಸಿನಲ್ಲಿ ನಾನು ಬೀದಿಯಲ್ಲಿ ಇಟ್ಟಿಗೆ ಒಡೆದು ಜನ ಸೇರಿಸಿ ಉಳುಕಿನ ಎಣ್ಣೆ ಮಾರುತ್ತಿದ್ದೆ. ನನ್ನ ಗುರುವೂ ಮಾರಿದ್ದ. ಹಬ್ಬ ಬಂದರೆ ಅಂಗಡಿ ಅಂಗಡಿಯ ಮುಂದೆ ಸಿಂಹದ ವೇಷ ಕುಣಿಸುತ್ತಿದ್ದೆವು. ಮಾರದೆ ಇದ್ದ ಕಾಲ ಯಾವುದು? ಎಣ್ಣೆ ಒಳ್ಳೆಯದಿತ್ತು, ಅದಕ್ಕೇ ಜನ ಮತ್ತೆ ಬಂದರು."

ನಮ್ಮೂರಿನ ತಾಲೀಮು ತಂಡದವರು ಮೆರವಣಿಗೆಯಲ್ಲಿ ಅಂಗಡಿಗಳ ಮುಂದೆ ನಿಂತು ದೊಣ್ಣೆ ತಿರುಗಿಸುತ್ತಿದ್ದದ್ದು ನೆನಪಾಯಿತು. ಅದನ್ನು ನಾನು ಎಂದೂ ಕೀಳಾಗಿ ಕಂಡಿರಲಿಲ್ಲ. ಇಲ್ಲಿ ಬಂದು ಮಾತ್ರ ಯಾಕೆ ಮಡಿವಂತಳಾದೆನೋ.

ಮಾಸ್ಟ್ರು ಶೂ ಬಿಚ್ಚಿ ಸೀದಾ ಮಕ್ಕಳ ಸಾಲಿಗೆ ಹೋಗಿ ನಿಂತರು. ಹುಲಿ ಓಡಿ ಬಂದು ತಳ್ಳಿತು. ಅವರು ಅಲುಗಲಿಲ್ಲ. ಎರಡು ಹುಲಿ, ನಾಲ್ಕು ಹುಲಿ, ಕೊನೆಗೆ ಇಡೀ ಕ್ಲಾಸೇ ಅವರ ಸೊಂಟಕ್ಕೆ ಜೋತು ಬಿದ್ದಿತು. ಆಗ ಬೇಕೆಂದೇ ಧೊಪ್ಪನೆ ಬಿದ್ದು ಗಹಗಹಿಸಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಹೇಮಾರ್ಕೆಟ್ಟಿನ ಐದು ವರ್ಷದಲ್ಲಿ ನೋಡಿರಲಿಲ್ಲ. ಗ್ರೇಸ್ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಮಧ್ಯಾಹ್ನ ದೊಡ್ಡವರ ಕ್ಲಾಸಿನಲ್ಲಿ ಕ್ಯಾಥಿಯ ಸರದಿ ಬಂತು. ಮಾಸ್ಟ್ರು ತಳ್ಳಿದರು, ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಎಲ್ಲಿ ತಪ್ಪಿತು?" ಎಂದಳು. ಅವರು ಅವಳ ಮೊಣಕೈಯನ್ನು ಎರಡು ಬೆರಳು ಒಳಕ್ಕೆ ಸರಿಸಿದರು. ಮತ್ತೆ ತಳ್ಳಿದರು, ನಿಂತಳು. ಇನ್ನೂ ಜೋರಾಗಿ ತಳ್ಳಿದರು, ಮತ್ತೆ ಸರಿದಳು. "ಈಗ ಎಲ್ಲಿ?" ಎಂದಳು. ಒಂದು ಗಂಟೆ ಅವಳೊಬ್ಬಳ ಜೊತೆಯೇ ಕಳೆದರು.

ಆ ಸಂಜೆ ನಮ್ಮ ಮನೆಯಲ್ಲಿ ವಾಲ್ಟರ್ ಹುರಿದ ಒಣಮೀನು ಬಡಿಸಿದ. ಮಾಸ್ಟ್ರು ಎರಡು ಸಲ ಹಾಕಿಸಿಕೊಂಡರು. ಊಟ ಮುಗಿಸಿ, ಯಾರ ಅನುವಾದವೂ ಇಲ್ಲದೆ, ಒಂದೊಂದೇ ಶಬ್ದ ಹುಡುಕಿ ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು: "ಎಲ್ಲರೂ ಕೇಳುವುದು 'ಯಾವಾಗ'. ಆ ನರ್ಸ್ ಕೇಳುವುದು 'ಎಲ್ಲಿ'. ಲೀ, ಉದ್ದ ವರಸೆ ಇಲ್ಲಿ ಕಲಿಸುತ್ತೇನೆ."

ಗ್ರೇಸ್ ಕೈಲಿದ್ದ ಲೋಟ ಕೆಳಗಿಟ್ಟಳು. "ಅಪ್ಪಾ, ಇವರು ಮನೆಯವರಲ್ಲ," ಎಂದಳು.

ಮಾಸ್ಟ್ರು ಮೀನಿನ ತಟ್ಟೆ ತೋರಿಸಿ, ಮತ್ತೆ ಇದೇನು ಎನ್ನುವ ಹಾಗೆ ಭುಜ ಕುಣಿಸಿದರು.

ಅಂದಿನಿಂದ ತಿಂಗಳಿಗೊಮ್ಮೆ ರೈಲಿನಲ್ಲಿ ಮೆಲ್ಬರ್ನ್‌ಗೆ ಬಂದು, ನಾಲ್ಕು ದಿನ ನಮ್ಮ ಮನೆಯಲ್ಲಿದ್ದು, ಭಾನುವಾರ ಬೆಳಿಗ್ಗೆ ಡೆನಿಸನ ಹಾಲಿನಲ್ಲಿ ಕಲಿಸಿದರು. ಕನ್ನಡಿಗೆ ಮಾತ್ರ ಪರದೆ ಹಾಕಿಸಿದರು. ಮೊದಲ ಭಾನುವಾರ ನಲವತ್ತು ಜನ, ಮೂರನೆಯದಕ್ಕೆ ಹದಿನೈದು, ಆರು ತಿಂಗಳಿಗೆ ಎಂಟು. ಡೆನಿಸನ ಮೇಲಿನವರು ಆ ಸಮಯಕ್ಕೆ ಬೇರೆ ಕ್ಲಾಸು ಹಾಕು ಎಂದರು. ಅವನು ಹಾಕಲಿಲ್ಲ. ಆ ಎಂಟರಲ್ಲಿ ಅವನೂ ಒಬ್ಬ. ನಾಚಿಕೆಯಿಂದಲೋ ಆಸೆಯಿಂದಲೋ ಗ್ರೇಸ್ ಕೂಡ ಅಪ್ಪನ ಜೊತೆ ರೈಲು ಹತ್ತಲು ಶುರು ಮಾಡಿದಳು, ಒಂಬತ್ತಾದೆವು. ಅಷ್ಟರಲ್ಲಿ ಅವಳು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಕೆಲಸಕ್ಕಿದ್ದಳು, ಅಲ್ಲಿ ಲಂಚ್ ಅವರಿನಲ್ಲಿ ಆಫೀಸಿನವರಿಗೆ ನಿಲ್ಲುವುದನ್ನು ಕಲಿಸತೊಡಗಿದಳು. ಮೂರು ತಿಂಗಳಲ್ಲ, ಮೂರು ವಾರ ಸಾಕು ಅಂತ ಅಪ್ಪನ ಜೊತೆ ಜಗಳವಾಡಿ ಗೆದ್ದಿದ್ದಳು.

ನಿಮ್ಮ ಫ್ಯೂಚರ್ ಪ್ರಶ್ನೆಗೆ ಉತ್ತರವಾಗಿ ನನ್ನಲ್ಲಿರುವುದು ಆ ಎರಡನೆಯ ವರ್ಷದ ಕೊನೆಯ ಭಾನುವಾರ. ಒಂಬತ್ತು ಜನ ವರಸೆಯನ್ನು ಮೊದಲಿಂದ ಕೊನೆಯವರೆಗೆ ಮಾಡಿದೆವು. ಮಾಸ್ಟ್ರು ಕೈ ಕಟ್ಟಿ ನಿಂತು ನೋಡಿದರು, ಒಂದನ್ನೂ ತಿದ್ದಲಿಲ್ಲ. ಮುಗಿದ ಮೇಲೆ, "ಇನ್ನೊಮ್ಮೆ. ನಾನಿಲ್ಲದೆ," ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕ್ಯಾಥಿ ಮೊದಲು ಕಾಲು ಅಗಲಿಸಿದಳು. ಎಲ್ಲರೂ ಹಿಂಬಾಲಿಸಿದೆವು. ಹೇಳುವವರಿಲ್ಲ, ಎಣಿಸುವವರಿಲ್ಲ. ಒಂಬತ್ತು ಜನರ ಉಸಿರು, ನೆಲಕ್ಕೆ ತಾಗುವ ಪಾದದ ಸದ್ದು, ಅಷ್ಟೇ. ನಡುವೆ ಡೆನಿಸ್ ಒಂದು ತಿರುವಿನಲ್ಲಿ ತಡವರಿಸಿದ, ಗ್ರೇಸ್ ಅವನಿಗಾಗಿ ಅರೆಕ್ಷಣ ನಿಧಾನಿಸಿದಳು, ಸಾಲು ಮತ್ತೆ ಕೂಡಿಕೊಂಡಿತು. ಕೊನೆಯ ಹೆಜ್ಜೆಗೆ ಬಂದಾಗ ನನ್ನ ಅಂಗಿ ಬೆನ್ನಿಗಂಟಿತ್ತು.

ಬಾಗಿಲು ತೆರೆದೆವು. ಮಾಸ್ಟ್ರು ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು.

"ಮುಗಿಯಿತಾ?"

"ಮುಗಿಯಿತು."

"ಯಾರು ಯಾರು ತಪ್ಪಿದಿರಿ?"

ಒಂಬತ್ತು ಕೈ ಮೇಲೆದ್ದವು.

ಅವರು ಒಂದೊಂದೇ ಕೈಯನ್ನು ನೋಡಿದರು. ಕಿತ್ತಳೆಯ ತೊಳೆಗಳನ್ನು ಬಿಡಿಸಿ ನಮ್ಮ ಕಡೆ ಚಾಚಿ, "ಹಾಗಾದರೆ ಇನ್ನು ನೀವು ಕಲಿಸಬಹುದು," ಎಂದರು.